ಬಯಾಪ್ಸಿ ವರದಿಯನ್ನು ಬೇಕಂತಲೇ ತಡ ಮಾಡುತ್ತಾರೆಯೇ? ವಾಸ್ತವ ಇಲ್ಲಿದೆ

"ರಕ್ತ ಪರೀಕ್ಷೆ ವರದಿ ಸಂಜೆಗೇ ಸಿಗುತ್ತದೆ, ಬಯಾಪ್ಸಿಗೆ ಮಾತ್ರ ವಾರ ಕಾಯಿಸುತ್ತಾರೆ, ಇದೆಲ್ಲಾ ಬಿಲ್ ಏರಿಸುವ ತಂತ್ರ" ಎನ್ನುವ ಮಾತು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸುತ್ತದೆ. ಕಾಯುವ ಕುಟುಂಬದ ಆತಂಕ ನಿಜ. ಆದರೆ ತಡಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಅದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಫಾರ್ಮಲಿನ್ ಏಕೆ?

ದೇಹದಿಂದ ಬೇರ್ಪಟ್ಟ ಕ್ಷಣದಿಂದಲೇ ಅಂಗಾಂಶ ಕೆಡಲು ಶುರುವಾಗುತ್ತದೆ. ಜೀವಕೋಶದೊಳಗಿನ ಕಿಣ್ವಗಳೇ ಅದನ್ನು ಕರಗಿಸುತ್ತವೆ. ಇದನ್ನು ತಡೆಯಲು ಮಾದರಿಯನ್ನು ಶೇ. 10ರ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸುತ್ತಾರೆ. ಇದು ಪ್ರೋಟೀನುಗಳನ್ನು ಪರಸ್ಪರ ಬೆಸೆದು, ಕೋಶಗಳನ್ನು ಇದ್ದ ಆಕಾರದಲ್ಲೇ ಹಿಡಿದಿಡುತ್ತದೆ. ಫಾರ್ಮಾಲ್ಡಿಹೈಡ್‌ನ ಈ ಗುಣವನ್ನು 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಗುರುತಿಸಿದರು.

ಈ ಕೆಲಸವನ್ನು ಅವಸರಿಸಲು ಆಗುವುದಿಲ್ಲ. ಸ್ತನ ಕ್ಯಾನ್ಸರ್ ಮಾದರಿಗಳು 6ರಿಂದ 72 ಗಂಟೆ ಫಾರ್ಮಲಿನ್‌ನಲ್ಲಿರಬೇಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಕಡಿಮೆಯಾದರೆ ಯಾವ ಔಷಧಿ ಕೊಡಬೇಕೆಂದು ನಿರ್ಧರಿಸುವ ಪರೀಕ್ಷೆಗಳೇ ತಪ್ಪಾಗಬಹುದು.

ಆಮೇಲೆ ಏನಾಗುತ್ತದೆ?

ಆಲ್ಕೋಹಾಲ್‌ನಿಂದ ನೀರಿನಂಶ ತೆಗೆದು, ಸಾಮಾನ್ಯವಾಗಿ ಜೈಲಿನ್‌ನಿಂದ ಆಲ್ಕೋಹಾಲ್ ತೆಗೆದು, ಕೊನೆಗೆ ಸುಮಾರು 60 ಡಿಗ್ರಿಯಲ್ಲಿ ಕರಗಿದ ಮೇಣ ತುಂಬಿಸುತ್ತಾರೆ. ಈ ಯಂತ್ರ ಹೆಚ್ಚಾಗಿ ರಾತ್ರಿಯಿಡೀ ಓಡುತ್ತದೆ. ಗಟ್ಟಿಯಾದ ಮೇಣದ ಬ್ಲಾಕ್‌ನಿಂದ 3ರಿಂದ 5 ಮೈಕ್ರಾನ್ ದಪ್ಪದ, ಅಂದರೆ ಕೂದಲೆಳೆಗಿಂತ ಹತ್ತಾರು ಪಟ್ಟು ತೆಳುವಾದ ಪದರ ಕತ್ತರಿಸಿ, ಗಾಜಿನ ಸ್ಲೈಡ್ ಮೇಲಿಟ್ಟು ಬಣ್ಣ ಹಾಕುತ್ತಾರೆ. ಕೋಶಕೇಂದ್ರ ನೀಲಿಯಾಗಿ, ಉಳಿದ ಭಾಗ ಗುಲಾಬಿಯಾಗಿ ಕಾಣುತ್ತದೆ. ಆಮೇಲಷ್ಟೇ ಪೆಥಾಲಜಿಸ್ಟ್ ನೋಡುವುದು. ಮೂಳೆಯಾದರೆ ಮೊದಲು ಸುಣ್ಣದಂಶ ತೆಗೆಯಬೇಕು, ಅದಕ್ಕೆ ಇನ್ನಷ್ಟು ದಿನ. ವಿಶೇಷ ಬಣ್ಣಗಳ ಪರೀಕ್ಷೆ ಬೇಕಾದರೂ ಅಷ್ಟೇ.

"ಹಾಗಾದರೆ ಆಪರೇಷನ್ ನಡುವೆ ಅರ್ಧ ಗಂಟೆಯಲ್ಲಿ ಹೇಗೆ ಹೇಳುತ್ತಾರೆ?"

ಅದು ಫ್ರೋಜನ್ ಸೆಕ್ಷನ್. ಮೇಣದ ಬದಲು ಅಂಗಾಂಶವನ್ನು ಬೇಗನೆ ಹೆಪ್ಪುಗಟ್ಟಿಸಿ ಕತ್ತರಿಸುತ್ತಾರೆ. ಆದರೆ ಮಂಜಿನ ಹರಳುಗಳಿಂದ ಚಿತ್ರ ಮಸುಕಾಗಬಹುದು. ಆದ್ದರಿಂದ ಅಂತಿಮ ತೀರ್ಮಾನಕ್ಕೆ ಮೇಣದ ಬ್ಲಾಕ್ ಬೇಕೇ ಬೇಕು.

ಮಾದರಿ ನಿಮ್ಮ ಕೈಗೆ ಕೊಟ್ಟರೆ

ಸಣ್ಣ ಊರುಗಳಲ್ಲಿ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ನಗರದ ಲ್ಯಾಬ್‌ಗೆ ಕಳಿಸುವುದುಂಟು. ಆಗ ಇವು ನೆನಪಿರಲಿ:

• ಬಾಟಲಿಯಲ್ಲಿ ಯಾವ ದ್ರವವಿದೆ ಎಂದು ಕೇಳಿ ತಿಳಿಯಿರಿ. ಫಾರ್ಮಲಿನ್ ಆದರೆ ಅಂಗಾಂಶದ ಕನಿಷ್ಠ 10 ಪಟ್ಟು ಇರಬೇಕು.
• ದ್ರವ ಬದಲಿಸಬೇಡಿ, ನೀರು ಸೇರಿಸಬೇಡಿ. ಬರೀ ನೀರಿನಲ್ಲಿ ಕೋಶಗಳು ಉಬ್ಬಿ ಒಡೆಯುತ್ತವೆ.
• ಫ್ರೀಜರ್‌ನಲ್ಲಿ ಇಡಬೇಡಿ.
• ಕ್ಷಯದ ಕಲ್ಚರ್ ಪರೀಕ್ಷೆಗೆ ಫಾರ್ಮಲಿನ್ ಸಲ್ಲದು, ಅದು ರೋಗಾಣುಗಳನ್ನೇ ಕೊಲ್ಲುತ್ತದೆ. ಅದಕ್ಕೆ ಪ್ರತ್ಯೇಕ ಬಾಟಲಿ ಇರುತ್ತದೆ, ಎರಡನ್ನೂ ಅದಲುಬದಲು ಮಾಡಬೇಡಿ.
• ಹೆಸರು, ದೇಹದ ಭಾಗ, ತೆಗೆದ ಸಮಯ ಬಾಟಲಿಯ ಮೇಲಿದೆಯೇ ನೋಡಿ.
• ಫಾರ್ಮಲಿನ್ ವಿಷಕಾರಿ. ಮುಚ್ಚಳ ತೆರೆಯಬೇಡಿ, ಮಕ್ಕಳಿಂದ ದೂರವಿಡಿ.

ಇನ್ನೊಂದು ಮಾತು. ಮೇಣದ ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಾದರೆ ವರದಿಯ ಜೊತೆಗೆ ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಕೇಳಿ. ಎಷ್ಟೋ ಸಲ ಮತ್ತೊಮ್ಮೆ ಬಯಾಪ್ಸಿ ಮಾಡಿಸುವುದೇ ತಪ್ಪುತ್ತದೆ.

ಹೇಳಿದ ದಿನ ದಾಟಿದರೆ ಲ್ಯಾಬ್‌ಗೆ ಫೋನ್ ಮಾಡಿ, ಮಾದರಿ ಯಾವ ಹಂತದಲ್ಲಿದೆ ಎಂದು ಧಾರಾಳವಾಗಿ ವಿಚಾರಿಸಿ. ಆದರೆ ತಡವೆಲ್ಲ ಮೋಸ ಎನ್ನುವ ಸಂದೇಶವನ್ನು ಮಾತ್ರ ಮುಂದೆ ಕಳಿಸಬೇಡಿ. ಅದನ್ನು ನಂಬಿ ಯಾರಾದರೂ ಬಯಾಪ್ಸಿಯನ್ನೇ ಬಿಟ್ಟರೆ, ಆಗುವ ತಡ ವಾರದ್ದಲ್ಲ.