ಮಲ್ಲವಿನೋದದಿಂದ ಕಟ್ಟೆಯ ಮಾತಿನವರೆಗೆ

ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಆಳಂದ ತಾಲ್ಲೂಕಿನ ಸರಸಂಬಾ ಮತ್ತು ಅದರ ದಕ್ಷಿಣಕ್ಕೆ ಹರಡಿರುವ ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಪೈಲ್ವಾನನನ್ನೂ ಆಟದವನನ್ನೂ, ಅಂದರೆ ಬಯಲಾಟದ ಕಲಾವಿದನನ್ನೂ, ಎರಡು ಬೇರೆ ಲೋಕಗಳಿಗೆ ಸೇರಿದವರೆಂದು ಜನ ಎಣಿಸಿದಂತಿಲ್ಲ. ಜಾತ್ರೆಯ ಇಳಿಹೊತ್ತು ಒಬ್ಬನದಾದರೆ ಬೆಳಗಿನವರೆಗಿನ ರಾತ್ರಿ ಇನ್ನೊಬ್ಬನದು. ಮೈಯಲ್ಲಿ ಕಸುವು ಇಳಿದ ಮೇಲೆ ಇಬ್ಬರೂ ಸೇರುವುದು ಗುಡಿಯ ಮುಂದಿನ ಅದೇ ಕಟ್ಟೆಗೆ. ಈ ನೆರೆತನಕ್ಕೆ ಸುಮಾರು ಒಂಬತ್ತು ಶತಮಾನಗಳ ಲಿಖಿತ ಆಧಾರವುಂಟು.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಗ್ರಂಥವಾಗಿದ್ದು, ಇಪ್ಪತ್ತು ಅಧ್ಯಾಯಗಳ ಒಂದೊಂದು ಗುಂಪನ್ನು ಅದರಲ್ಲಿ ‘ವಿಂಶತಿ’ ಎಂದು ಕರೆಯಲಾಗಿದೆ. ಅವುಗಳಲ್ಲಿ ರಾಜನ ಮನರಂಜನೆಗಳನ್ನು ವಿವರಿಸುವ ವಿನೋದ ವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯ ಮತ್ತು ಕಥೆಗಳ ಸಾಲಿನಲ್ಲಿಯೇ ‘ಮಲ್ಲವಿನೋದ’ವೂ, ಅಂದರೆ ಕುಸ್ತಿಯೂ, ಸೇರಿದೆ. ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುವ ಗ್ರಂಥಕಾರನು ಅವರ ಸಾಧನೆ, ಊಟೋಪಚಾರಗಳನ್ನೂ ಬಿಡದೆ ಹೇಳುತ್ತಾನೆ. ಆ ಜ್ಯೇಷ್ಠಿಕನೇ ಮುಂದೆ ಕನ್ನಡದ ‘ಜೆಟ್ಟಿ’ಯಾದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ವಿಚಿತ್ರವೆಂದರೆ ಜೆಟ್ಟಿ ಎಂಬ ಹೆಸರು ದೂರದ ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಉಳಿದುಕೊಂಡಿತೇ ಹೊರತು ಕಲ್ಯಾಣದ ನೆರೆಯಲ್ಲಿ ಅದರ ಬಳಕೆ ಹಿಂದೆ ಸರಿಯಿತು. 1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿಸಿಕೊಂಡ ಬಹಮನಿಗಳಿಂದ 1948ರಲ್ಲಿ ಕೊನೆಗೊಂಡ ನಿಜಾಮರ ಆಳ್ವಿಕೆಯವರೆಗಿನ ದೀರ್ಘ ಕಾಲದಲ್ಲಿ ಕುಸ್ತಿ, ಪೈಲ್ವಾನ, ವಸ್ತಾದ, ತಾಲೀಮು ಎಂಬ ಪಾರಸಿ, ಅರಬ್ಬಿ ಮೂಲದ ಮಾತುಗಳು ಇಲ್ಲಿ ಬೇರುಬಿಟ್ಟವು. ವಸ್ತಾದನೆಂದರೆ ಕಲಿಸುವ ಗುರು, ತಾಲೀಮೆಂದರೆ ಕಲಿಕೆ ಮತ್ತು ಕಲಿಯುವ ಗರಡಿಮನೆ.

ಜಾತ್ರೆಯ ಕುಸ್ತಿಗೆ ಹದಗೊಳಿಸಿದ ಮಣ್ಣಿನ ಕಣ ಮತ್ತು ಹಲಗೆಯ ಸದ್ದು, ಇವೆರಡಿದ್ದರೆ ಸಾಕು. ತೆಂಗಿನಕಾಯಿಯ ಬಹುಮಾನಕ್ಕೆ ಸೆಣಸುವ ಎಳೆಯರ ಜೋಡಿಗಳಿಂದ ಮೊದಲುಗೊಂಡು, ಹೊತ್ತು ಇಳಿದಂತೆ ಹೆಸರುವಾಸಿ ಪೈಲ್ವಾನರು ಚಿಟಿಕೆ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಕಣಕ್ಕಿಳಿಯುತ್ತಾರೆ, ಕೊನೆಯ ಕುಸ್ತಿ ಗೆದ್ದವನ ಕೈಗೆ ಬೆಳ್ಳಿಯ ಕಡಗ ಏರುತ್ತದೆ. ಕಡಗ ಮುಂದೆ ಅಡವು ಅಂಗಡಿ ಸೇರಬಹುದು; ಎದುರಾಳಿಯ ಹಿಡಿತಕ್ಕೆ ಸಿಕ್ಕು ಸಿಕ್ಕು ದಪ್ಪಗಟ್ಟಿ ಮುದುಡಿದ ಕಿವಿ ಮಾತ್ರ ಸಾಯುವವರೆಗೂ ಆಳಿನ ಗುರುತಾಗಿ ಉಳಿಯುತ್ತದೆ.

ರಾತ್ರಿಯ ಬಯಲಾಟವಾದ ದೊಡ್ಡಾಟದಲ್ಲಿ ಪ್ರಶ್ನೆ ಕೇಳುವವನೇ ಒಂದು ಪಾತ್ರವಾಗಿರುವುದು ಇಲ್ಲಿ ಮುಖ್ಯ. ಗೆಜ್ಜೆ, ಭುಜಕೀರ್ತಿಗಳೊಂದಿಗೆ ವೀರನೊಬ್ಬನು ರಂಗಕ್ಕೆ ಬಂದೊಡನೆ ಸಾರಥಿ ಎಂಬಾತನು ಅವನ ಹೆಸರು, ಊರು, ಬಂದ ಕಾರಣಗಳನ್ನು ವಿಚಾರಿಸುತ್ತಾನೆ; ವೀರನು ಹೆಜ್ಜೆ ಅಪ್ಪಳಿಸಿ ತನ್ನ ಪ್ರತಾಪವನ್ನು ಕೊಚ್ಚಿಕೊಳ್ಳುತ್ತಾನೆ, ಸಾರಥಿ ನಡುನಡುವೆ ತಮಾಷೆ ಮಾಡಿ ಅವನನ್ನು ನೆಲಕ್ಕಿಳಿಸುತ್ತಾನೆ. ಆಕಾಶವಾಣಿಯ ಸಂದರ್ಶಕನಿಗಿಂತ ಬಹಳ ಮೊದಲೇ ಈ ನಾಡಿಗೆ ಸಂದರ್ಶನದ ಕಲೆ ಪರಿಚಯವಾದದ್ದು ಈ ಸಾರಥಿಯಿಂದ ಎಂದರೆ ಉತ್ಪ್ರೇಕ್ಷೆಯಾಗದು. ಹಳೆಯ ಪೈಲ್ವಾನನನ್ನು ಕಟ್ಟೆಯ ಮೇಲೆ ಕೆಣಕಿ ಮಾತಿಗೆಳೆಯುವ ವರಸೆಯೂ ಅದರದೇ ಜಾತಿಯದು.

ಆಟಗಾರನ ಮಾತಿಗೆ ಬೇರೆಡೆ ಸಿಕ್ಕಿರುವ ಬೆಲೆಯನ್ನು ಹೋಲಿಸಿ ನೋಡಲು ಇನ್ನೊಂದು ಆಟವನ್ನು, ಬ್ಯಾಸ್ಕೆಟ್‌ಬಾಲನ್ನು, ತೆಗೆದುಕೊಳ್ಳಬಹುದು. ಅದು ಇಲ್ಲಿಗೆ ಬಂದದ್ದು ಜಾತ್ರೆಯ ದಾರಿಯಿಂದಲ್ಲ, ಶಾಲೆಯ ದಾರಿಯಿಂದ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಬಡಿದು ಆರಂಭಿಸಿದ ಈ ಆಟ ಭಾರತಕ್ಕೂ ಅದೇ ಸಂಸ್ಥೆಯ ಮೂಲಕ ತಲುಪಿತು. ಆ ಸಂಸ್ಥೆಯ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ತೆರೆದ ದೈಹಿಕ ಶಿಕ್ಷಣ ಕಾಲೇಜು ಡ್ರಿಲ್ ಮಾಸ್ತರರನ್ನು ತಯಾರು ಮಾಡಿತು. ಕರ್ನಾಟಕದಲ್ಲಿ ಈ ಆಟ ಹೆಚ್ಚಾಗಿ ನಗರದ ಆಟವಾಗಿಯೇ ಬೆಳೆಯಿತು. 2017ರ ಜುಲೈನಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ಪಿನ ‘ಬಿ’ ವಿಭಾಗವನ್ನು ಗೆದ್ದದ್ದೂ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ. ಅಮೆರಿಕದಲ್ಲಿ 1926ರಷ್ಟು ಹಿಂದೆಯೇ ಹುಟ್ಟಿದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕ್ರಮೇಣ ಆಟ ಮತ್ತು ಹಾಸ್ಯ ಪ್ರದರ್ಶನಗಳನ್ನು ಒಂದೇ ಅಂಗಳಕ್ಕೆ ತಂದಿತು. ಇಂದು ಅಮೆರಿಕದಲ್ಲಿ ನಿವೃತ್ತ ಆಟಗಾರರೂ ಗಾಯಕ, ನಟರೂ ಎದುರುಬದುರು ಕುಳಿತು ಆಟವನ್ನೂ ಬದುಕನ್ನೂ ಕುರಿತು ಗಂಟೆಗಟ್ಟಲೆ ಆಡುವ ಮಾತು ದೊಡ್ಡ ಉದ್ಯಮವಾಗಿದ್ದು, ಅದರ ಒಂದು ಸೊಲ್ಲೂ ದಾಖಲಾಗದೆ ಹೋಗುವುದಿಲ್ಲ.

ಸೋಮೇಶ್ವರನ ನಾಡಿನಲ್ಲಿ ಮಲ್ಲ ಮತ್ತು ನಟರನ್ನು ಒಂದೇ ವಿಂಶತಿಯಲ್ಲಿ ಕೂರಿಸಿದ ಮೇಲೂ ಅವರಿಬ್ಬರ ಮಾತನ್ನು ಬರೆದಿಡುವ ರೂಢಿ ಬೆಳೆಯಲಿಲ್ಲ. ಸರಸಂಬಾ ಇರುವ ತಾಲ್ಲೂಕಿನಲ್ಲೇ, ಕಡಗಂಚಿಯಲ್ಲಿ, ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಮುದುಡಿದ ಕಿವಿಯ ಮುದುಕರನ್ನೂ ಸಾರಥಿಯ ವೇಷ ಕಟ್ಟಿದವರನ್ನೂ ಎದುರುಬದುರು ಕೂರಿಸಿ, ಅವರ ಮಾತನ್ನು ಅವರದೇ ಆಡುಭಾಷೆಯಲ್ಲಿ ಧ್ವನಿಮುದ್ರಿಸಿಕೊಳ್ಳುವ ಕೆಲಸಕ್ಕೆ ಇನ್ನು ತಡಮಾಡಬಾರದು.