ಖಿನ್ನತೆಯ ಆಪ್‌ಗಳು: ಯಾವುದು ಚಿಕಿತ್ಸೆ, ಯಾವುದು ಬರೀ ಸಮಾಧಾನ?

ಪ್ಲೇ ಸ್ಟೋರ್‌ನಲ್ಲಿ ‘ಡಿಪ್ರೆಶನ್’ ಎಂದು ಹುಡುಕಿದರೆ ಸಾಲು ಸಾಲು ಆಪ್‌ಗಳು ಬರುತ್ತವೆ. ಒಂದು ಧ್ಯಾನ ಹೇಳಿಕೊಡುತ್ತದೆ, ಇನ್ನೊಂದು ದಿನಕ್ಕೊಂದು ಸುಭಾಷಿತ ಕಳಿಸುತ್ತದೆ, ಮತ್ತೊಂದು ಚಾಟ್‌ನಲ್ಲಿ ‘ಇವತ್ತು ಹೇಗಿದ್ದೀರಿ?’ ಎಂದು ಕೇಳುತ್ತದೆ. ಹೆಚ್ಚಿನವಕ್ಕೆ ನಾಲ್ಕರ ಮೇಲೆ ಸ್ಟಾರ್ ಇರುತ್ತದೆ. ಇವುಗಳಲ್ಲಿ ಖಿನ್ನತೆಯನ್ನು ನಿಜಕ್ಕೂ ಕಡಿಮೆ ಮಾಡುವುದು ಯಾವುದು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ. ಮನೋವೈದ್ಯರನ್ನು ಕಾಣಬೇಕೆಂದರೆ ಒಂದು ದಿನದ ಕೂಲಿ, ಬಸ್ ಖರ್ಚು, ಜೊತೆಗೆ ‘ಯಾರಾದರೂ ನೋಡಿದರೆ?’ ಎಂಬ ಅಳುಕು. ಫೋನಾದರೆ ಕೈಯಲ್ಲೇ ಇದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಈ ಸಮೀಕ್ಷೆಯ ಪೂರ್ವಭಾವಿ ಅಧ್ಯಯನ ನಡೆದದ್ದು ನೆರೆಯ ಕೋಲಾರ ಜಿಲ್ಲೆಯಲ್ಲೇ.

ಕೆಟ್ಟ ಆಪ್‌ನಿಂದ ಆಗುವ ದೊಡ್ಡ ನಷ್ಟ ಚಂದಾ ಹಣವಲ್ಲ. ಎರಡು ತಿಂಗಳು ಬಳಸಿ ಏನೂ ಬದಲಾಗದಾಗ ಮನುಷ್ಯ ‘ಆಪ್ ಸರಿಯಿಲ್ಲ’ ಎಂದುಕೊಳ್ಳುವುದಿಲ್ಲ. ‘ಚಿಕಿತ್ಸೆ ಮಾಡಿ ನೋಡಿದೆ, ನನಗೆ ಯಾವುದೂ ಹಿಡಿಯುವುದಿಲ್ಲ’ ಎಂದುಕೊಳ್ಳುತ್ತಾನೆ. ಖಿನ್ನತೆಯಲ್ಲಿರುವವರಿಗೆ ಇಂಥ ತೀರ್ಮಾನ ಬಹಳ ಬೇಗ ಬರುತ್ತದೆ. ಅದಕ್ಕೇ ಆಪ್ ಆರಿಸುವಾಗ ನೋಡಬೇಕಾದ ಕೆಲವು ಅಂಶಗಳು ಇಲ್ಲಿವೆ.

1. ಒಳಗಿರುವ ಚಿಕಿತ್ಸಾ ವಿಧಾನ ಯಾವುದು?

ಖಿನ್ನತೆಗೆ ಕೆಲಸ ಮಾಡುತ್ತವೆಂದು ಸಾಬೀತಾದ ಮಾತಿನ ಚಿಕಿತ್ಸೆಗಳು ಹಲವಿವೆ. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ, ಸಂಬಂಧಗಳ ಮೇಲೆ ಕೆಲಸ ಮಾಡುವ ಚಿಕಿತ್ಸೆ, ಸಮಸ್ಯೆ ಬಿಡಿಸುವ ತರಬೇತಿ, ಬಿಟ್ಟುಹೋದ ಚಟುವಟಿಕೆಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರು ಮಾಡಿಸುವ ವಿಧಾನ ಇವುಗಳಲ್ಲಿ ಮುಖ್ಯವಾದವು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬರನ್ನು ಊಹಿಸಿಕೊಳ್ಳಿ. ಮನಸ್ಸು ಕುಗ್ಗಿ ಅವರು ಗೂಡಿನ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಹೋಗದೆ ಕೆಲಸ ನಿಂತಿದೆ, ಕೆಲಸ ನಿಂತು ಮನಸ್ಸು ಇನ್ನಷ್ಟು ಕುಗ್ಗಿದೆ. ಒಳ್ಳೆಯ ಕಾರ್ಯಕ್ರಮ ಈ ಸುತ್ತನ್ನು ಅವರಿಗೆ ತೋರಿಸಿಕೊಡುತ್ತದೆ. ‘ನಾಳೆ ಹರಾಜು ಬೇಡ, ಮಾರುಕಟ್ಟೆಯ ಬಾಗಿಲವರೆಗೆ ಹೋಗಿ ಒಂದು ಟೀ ಕುಡಿದು ಬನ್ನಿ’ ಎಂಬಷ್ಟು ಸಣ್ಣ ಹೆಜ್ಜೆ ಇಡಿಸುತ್ತದೆ. ಮರುದಿನ ‘ಹೋದಿರಾ? ಹೇಗನ್ನಿಸಿತು?’ ಎಂದು ಕೇಳುತ್ತದೆ. ‘ಧೈರ್ಯವಾಗಿರಿ, ಎಲ್ಲ ಒಳ್ಳೆಯದಾಗುತ್ತದೆ’ ಎನ್ನುವ ಆಪ್ ಸಮಾಧಾನ ಕೊಡಬಹುದು, ಆದರೆ ಅದು ಚಿಕಿತ್ಸೆಯಲ್ಲ.

2. ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದರೆ ಏನು?

2019ರಲ್ಲಿ ಸಂಶೋಧಕರು ಜನಪ್ರಿಯವಾದ 73 ಮಾನಸಿಕ ಆರೋಗ್ಯ ಆಪ್‌ಗಳ ಜಾಹೀರಾತು ಮಾತುಗಳನ್ನು ಪರಿಶೀಲಿಸಿದರು. ವಿಜ್ಞಾನದ ಹೆಸರು ಹೇಳಿಕೊಂಡವು ಬಹಳ ಇದ್ದವು, ನೇರ ಪುರಾವೆ ಇದ್ದವು ಒಂದೆರಡು ಮಾತ್ರ. ‘ನಮ್ಮದು ಸಿಬಿಟಿ ಆಧಾರಿತ’ ಎಂದರೆ ಸಿಬಿಟಿಗೆ ಪುರಾವೆ ಇದೆ ಎಂದಷ್ಟೇ ಅರ್ಥ. ಆ ಆಪ್‌ಗೆ ಪುರಾವೆ ಇದೆ ಎಂದಲ್ಲ.

ಅಧ್ಯಯನ ಇದ್ದರೂ ಅದು ಎಂಥದ್ದು ಎಂದು ನೋಡಬೇಕು. ಬೆಂಗಳೂರಿನ ಎರಡು ಉದಾಹರಣೆಗಳಿವೆ.

ನಿಮ್ಹಾನ್ಸ್ ತಜ್ಞರು ಭಾರತೀಯರಿಗಾಗಿಯೇ ‘ಪುಶ್-ಡಿ’ ಎಂಬ ಸ್ವಸಹಾಯ ಆಪ್ ರೂಪಿಸಿ, 2018ರಲ್ಲಿ ಅದರ ಪ್ರಾಥಮಿಕ ಫಲಿತಾಂಶ ಪ್ರಕಟಿಸಿದರು. 78 ಮಂದಿ ಭಾಗವಹಿಸಿದ್ದರು. ಅವರಲ್ಲಿ ಸುಮಾರು ಮೂರನೇ ಎರಡು ಭಾಗದವರು ಹಿಂದೆಂದೂ ತಜ್ಞರ ನೆರವು ಪಡೆದವರಲ್ಲ. 10 ಮುಖ್ಯ ಭಾಗಗಳನ್ನು ಪೂರ್ತಿ ಮಾಡಿದವರಲ್ಲಿ ಖಿನ್ನತೆ ಗಮನಾರ್ಹವಾಗಿ ಇಳಿಯಿತು. ಅರ್ಧದಷ್ಟು ಮುಗಿಸಿದವರಲ್ಲೂ ಹೆಚ್ಚುಕಡಿಮೆ ಅದೇ ಫಲಿತಾಂಶ ಬಂತು. ಇದು ಭರವಸೆಯ ಸುದ್ದಿ. ಆದರೆ ಹೋಲಿಸಿ ನೋಡಲು ಆಪ್ ಬಳಸದ ಇನ್ನೊಂದು ಗುಂಪು ಇರಲಿಲ್ಲ. ಖಿನ್ನತೆ ಕೆಲವರಲ್ಲಿ ಕಾಲ ಕಳೆದಂತೆ ತಾನಾಗಿಯೇ ಇಳಿಯುವುದುಂಟು. ಹೋಲಿಕೆ ಗುಂಪಿಲ್ಲದಿದ್ದರೆ ಇಳಿದದ್ದು ಆಪ್‌ನಿಂದಲೋ ಕಾಲದಿಂದಲೋ ಹೇಳುವುದು ಕಷ್ಟ.

ಬೆಂಗಳೂರಿನಲ್ಲೇ ಹುಟ್ಟಿದ ‘ವೈಸಾ’ ಚಾಟ್‌ಬಾಟ್‌ನ ಅಧ್ಯಯನವೂ 2018ರಲ್ಲಿ ಬಂತು. ಹೆಚ್ಚು ಬಳಸಿದ 108 ಮಂದಿಯನ್ನು ಕಡಿಮೆ ಬಳಸಿದ 21 ಮಂದಿಯ ಜೊತೆ ಹೋಲಿಸಿದಾಗ, ಹೆಚ್ಚು ಬಳಸಿದವರು ಹೆಚ್ಚು ಸುಧಾರಿಸಿದ್ದರು. ಇಲ್ಲೂ ಒಂದು ತೊಡಕಿದೆ. ಚೇತರಿಸಿಕೊಳ್ಳುತ್ತಿರುವವರಿಗೆ ಆಪ್ ಬಳಸುವ ಹುಮ್ಮಸ್ಸೂ ಹೆಚ್ಚಿರಬಹುದು. ಅಧ್ಯಯನ ಬರೆದವರಲ್ಲಿ ಕಂಪನಿಯವರೂ ಇದ್ದರು.

ಇದರಿಂದ ಈ ಆಪ್‌ಗಳು ಕೆಟ್ಟವು ಎಂದಾಗುವುದಿಲ್ಲ. ಪುರಾವೆಯಲ್ಲಿ ಮೆಟ್ಟಿಲುಗಳಿವೆ ಎಂಬುದಷ್ಟೇ ಇಲ್ಲಿನ ಪಾಠ. ಈ ಆಪನ್ನೇ ಪರೀಕ್ಷಿಸಿದ್ದಾರೆಯೇ? ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪಾಗಿ ಹಂಚಿ ಹೋಲಿಸಿದ್ದಾರೆಯೇ? ಕಂಪನಿಗೆ ಸೇರದವರು ಪರೀಕ್ಷಿಸಿದ್ದಾರೆಯೇ? ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ ನಂಬಿಕೆ ಹೆಚ್ಚಿಸಿಕೊಳ್ಳಬಹುದು.

3. ಜೊತೆಗೊಬ್ಬ ಮನುಷ್ಯ ಇದ್ದಾರೆಯೇ?

ಬ್ರಿಟನ್ನಿನಲ್ಲಿ 691 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಬಂತು. ಎರಡು ಹೆಸರಾಂತ ಕಂಪ್ಯೂಟರ್ ಕಾರ್ಯಕ್ರಮಗಳನ್ನು ಕುಟುಂಬ ವೈದ್ಯರ ಮಾಮೂಲಿ ಚಿಕಿತ್ಸೆಯ ಜೊತೆ ಕೊಟ್ಟರೂ ನಾಲ್ಕು ತಿಂಗಳ ನಂತರ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬಹಳಷ್ಟು ಮಂದಿ ಒಂದೆರಡು ಪಾಠಕ್ಕೇ ನಿಲ್ಲಿಸಿಬಿಟ್ಟಿದ್ದರು. ಇದು ಅವರ ಸೋಮಾರಿತನವಲ್ಲ. ಉತ್ಸಾಹ ಬತ್ತುವುದು, ಗಮನ ನಿಲ್ಲದಿರುವುದು ಖಿನ್ನತೆಯ ಲಕ್ಷಣಗಳೇ.

39 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದ 2021ರ ವಿಶ್ಲೇಷಣೆ ಇನ್ನೂ ಸ್ಪಷ್ಟ ಚಿತ್ರ ಕೊಡುತ್ತದೆ. ಖಿನ್ನತೆ ಸೌಮ್ಯವಾಗಿದ್ದರೆ ಒಬ್ಬರೇ ಮಾಡುವ ಆನ್‌ಲೈನ್ ಸಿಬಿಟಿಗೂ ಮಾರ್ಗದರ್ಶಕರಿರುವ ಸಿಬಿಟಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿದ್ದರೆ ಮಾರ್ಗದರ್ಶನ ಇರುವುದೇ ಮೇಲು. ವಾರಕ್ಕೊಮ್ಮೆ ಫೋನ್ ಮಾಡಿ ‘ಎಲ್ಲಿಗೆ ಬಂತು?’ ಎಂದು ಕೇಳುವವರಿದ್ದರೂ ಸಾಕು. ಅವರು ದೊಡ್ಡ ತಜ್ಞರೇ ಆಗಬೇಕಿಲ್ಲ. ಗೋವಾದಲ್ಲಿ 495 ಮಂದಿಯ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಆರೋಗ್ಯ ಕೇಂದ್ರಗಳಲ್ಲಿ ಸಮಾಲೋಚನೆ ನಡೆಸಿ ತೀವ್ರ ಖಿನ್ನತೆಯನ್ನು ಇಳಿಸಿ ತೋರಿಸಿದ್ದಾರೆ.

4. ಎಐ ಚಾಟ್‌ಬಾಟ್ ಸಾಲದೇ?

2025ರಲ್ಲಿ ಅಮೆರಿಕದ ಡಾರ್ಟ್‌ಮತ್ ಸಂಶೋಧಕರು 210 ಮಂದಿಯ ಮೇಲೆ ‘ಥೆರಾಬಾಟ್’ ಎಂಬ ಎಐ ಪರೀಕ್ಷಿಸಿ ಒಳ್ಳೆಯ ಫಲಿತಾಂಶ ವರದಿ ಮಾಡಿದರು. ಆದರೆ ಅದನ್ನು ಚಿಕಿತ್ಸೆಗೆಂದೇ ತಯಾರಿಸಲಾಗಿತ್ತು, ಸಂಭಾಷಣೆಗಳ ಮೇಲೆ ಸಂಶೋಧಕರ ಕಣ್ಣಿತ್ತು. ಎಲ್ಲ ಪ್ರಶ್ನೆಗೂ ಉತ್ತರಿಸುವ ಮಾಮೂಲಿ ಚಾಟ್‌ಬಾಟ್‌ಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಅದು ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸಂಭವವೇ ಹೆಚ್ಚು. ‘ನಾನು ಯಾರಿಗೂ ಬೇಡವಾದವನು’ ಎಂಬ ಯೋಚನೆಗೆ ತಲೆಯಾಡಿಸುವ ಜೊತೆಗಾರ ಬೇಡ, ಅದನ್ನು ಪರೀಕ್ಷಿಸಿ ನೋಡೋಣ ಎನ್ನುವವರು ಬೇಕು.

5. ಅಪಾಯದ ಗಳಿಗೆಯಲ್ಲಿ ಏನು ಮಾಡುತ್ತದೆ?

ಖಿನ್ನತೆ ಮತ್ತು ಆತ್ಮಹತ್ಯೆ ತಡೆಗೆ ಸಂಬಂಧಿಸಿದ 69 ಆಪ್‌ಗಳನ್ನು 2019ರಲ್ಲಿ ಪರಿಶೀಲಿಸಿದಾಗ, ಮಾರ್ಗಸೂಚಿಗಳು ಹೇಳುವ ಆರೂ ಸುರಕ್ಷತಾ ಅಂಶಗಳಿದ್ದದ್ದು ಐದರಲ್ಲಿ ಮಾತ್ರ. ಕೆಲವು ಆಪ್‌ಗಳು ಕೊಟ್ಟಿದ್ದ ಸಹಾಯವಾಣಿ ಸಂಖ್ಯೆಯೇ ತಪ್ಪಾಗಿತ್ತು.

ಆಪ್ ಹಾಕಿಕೊಂಡ ದಿನವೇ ಅದರ ತುರ್ತು ಪುಟ ತೆರೆದು ನೋಡಿ. ಅಲ್ಲಿ ಭಾರತದ ಸಂಖ್ಯೆ ಇಲ್ಲದಿದ್ದರೆ, ನಿಮ್ಮ ಸುರಕ್ಷತೆಗೆ ಅದನ್ನು ನೆಚ್ಚಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಅದು ಆಪ್ ನಿಭಾಯಿಸುವ ವಿಷಯವಲ್ಲ. ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಮನೆಯವರು ಅವರನ್ನು ಒಬ್ಬರೇ ಬಿಡಬಾರದು. ತೋಟದ ಕೀಟನಾಶಕ ಮತ್ತು ಮಾತ್ರೆಗಳನ್ನು ಬೀಗದೊಳಗೆ ಇಟ್ಟು ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಇದು ಸಣ್ಣ ಕೆಲಸದಂತೆ ಕಂಡರೂ ಜೀವ ಉಳಿಸುತ್ತದೆ.

6. ಹೇಳಿಕೊಂಡ ಮಾತು ಎಲ್ಲಿಗೆ ಹೋಗುತ್ತದೆ?

ಖಿನ್ನತೆ ಮತ್ತು ಧೂಮಪಾನ ಬಿಡಿಸುವ 36 ಆಪ್‌ಗಳನ್ನು ಪರೀಕ್ಷಿಸಿದ 2019ರ ಅಧ್ಯಯನದಲ್ಲಿ 29 ಆಪ್‌ಗಳು ಗೂಗಲ್ ಅಥವಾ ಫೇಸ್‌ಬುಕ್‌ಗೆ ಮಾಹಿತಿ ಕಳಿಸುತ್ತಿದ್ದವು. ಗೂಗಲ್‌ಗೆ ಕಳಿಸುತ್ತಿದ್ದ 28ರಲ್ಲಿ ಆ ವಿಷಯವನ್ನು ಬಳಕೆದಾರರಿಗೆ ತಿಳಿಸಿದ್ದು 12 ಮಾತ್ರ. ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗೆ ಹಂಚಿಕೊಂಡ ಆರೋಪದ ಮೇಲೆ ‘ಬೆಟರ್‌ಹೆಲ್ಪ್’ ಕಂಪನಿ 2023ರಲ್ಲಿ ಅಮೆರಿಕದಲ್ಲಿ 78 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಕಾಂಟ್ಯಾಕ್ಟ್ ಪಟ್ಟಿ, ಲೊಕೇಶನ್ ಕೇಳುವ ಆಪ್‌ಗೆ ಅದು ಯಾಕೆ ಬೇಕು ಎಂದು ಯೋಚಿಸಿ. ನಿಮ್ಮ ಮಾಹಿತಿ ಅಳಿಸುವ ದಾರಿ ಇಲ್ಲದಿದ್ದರೆ ಬೇಡವೆನ್ನಿ. ಮನೆಯವರೆಲ್ಲ ಒಂದೇ ಫೋನ್ ಬಳಸುತ್ತಿದ್ದರೆ ಆಪ್‌ಗೆ ಪಿನ್ ಇರಲೇಬೇಕು.

7. ಭಾಷೆ ಮತ್ತು ದಿನಚರಿ ಹೊಂದುತ್ತದೆಯೇ?

ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಮಾತಾಡುವವರು ನಮ್ಮ ಕಡೆ ಬಹಳ. ನಮ್ಮವರು ‘ನನಗೆ ಖಿನ್ನತೆ’ ಎನ್ನುವುದಿಲ್ಲ. ‘ಮೈಯೆಲ್ಲ ಸುಸ್ತು, ತಲೆ ಭಾರ, ನಿದ್ದೆ ಬರಲ್ಲ, ಯಾವುದೂ ಬೇಡ ಅನ್ನಿಸುತ್ತೆ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಆಪ್ ಇದನ್ನು ಹಿಡಿಯಲಾರದು. ಇದೇ ಸುಸ್ತು ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆಯಿಂದಲೂ ಬರಬಹುದು. ಅದನ್ನು ರಕ್ತ ಪರೀಕ್ಷೆ ಹೇಳುತ್ತದೆ, ಆಪ್ ಅಲ್ಲ.

ನೀವೇ ಅಳೆದು ನೋಡುವುದು ಹೇಗೆ?

‘ಪಿಎಚ್‌ಕ್ಯೂ-9’ ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರ ಹೇಗಿದ್ದಿರಿ ಎಂದು ಅದು ಕೇಳುತ್ತದೆ. ಅಂಕ 0ಯಿಂದ 27ರವರೆಗೆ. ರೋಗನಿರ್ಣಯ ವೈದ್ಯರ ಕೆಲಸವೇ ಆದರೂ ಏರಿಳಿತ ತಿಳಿಯಲು ಇದು ಒಳ್ಳೆಯ ಅಳತೆಗೋಲು.

- ಅಂಕ 5ರಿಂದ 9: ಸೌಮ್ಯ. ಒಳ್ಳೆಯ ಆಪ್‌ನಿಂದ ಶುರು ಮಾಡಬಹುದು.
- 10ರಿಂದ 14: ಮಧ್ಯಮ. ಆಪ್ ಜೊತೆಗೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.
- 15 ಮತ್ತು ಮೇಲೆ: ಮೊದಲು ವೈದ್ಯರು. ಆಪ್ ಏನಿದ್ದರೂ ಜೊತೆಗೆ.
- ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರವಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಯಾರಿಗಾದರೂ ಹೇಳಿ.

ಎರಡು ವಾರಕ್ಕೊಮ್ಮೆ ತುಂಬಿ ಬರೆದಿಡಿ. ಸುಮಾರು 5 ಅಂಕ ಇಳಿದರೆ ಅದು ನಿಜವಾದ ಸುಧಾರಣೆ. ನಾಲ್ಕು ವಾರವಾದರೂ ಕದಲದಿದ್ದರೆ ಆ ಆಪ್ ನಿಮಗೆ ಸಾಲದು. ಸೋತದ್ದು ಆಪ್, ನೀವಲ್ಲ. ಆಪ್ ಮಾತು ಕೇಳಿ ವೈದ್ಯರು ಕೊಟ್ಟ ಮಾತ್ರೆಯನ್ನಂತೂ ನಿಲ್ಲಿಸಬೇಡಿ.

ಮುಂದಿನ ಮೆಟ್ಟಿಲು ಎಲ್ಲಿದೆ?

ಕೇಂದ್ರ ಸರ್ಕಾರದ ‘ಟೆಲಿ ಮನಸ್’ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ಇದಕ್ಕೆ ನಿಮ್ಹಾನ್ಸ್‌ನ ಮಾರ್ಗದರ್ಶನವಿದೆ. 2024ರಲ್ಲಿ ಇದರ ಆಪ್ ಕೂಡ ಬಂದಿದೆ. ನಿಮ್ಮ ಆಪ್‌ನಲ್ಲಿ ಮನುಷ್ಯರಿಲ್ಲದಿದ್ದರೆ ಈ ಸಂಖ್ಯೆಯೇ ಆ ಕೊರತೆ ತುಂಬಬಹುದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತದೆ. ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಸ್ಮಾರ್ಟ್‌ಫೋನ್ ಬರುವುದಕ್ಕೆ ಬಹಳ ಮುಂಚೆಯೇ ನಿಮ್ಹಾನ್ಸ್ ತನ್ನ ವಿಸ್ತರಣಾ ಕ್ಲಿನಿಕ್ ಒಂದನ್ನು ಗೌರಿಬಿದನೂರಿನಲ್ಲಿ ನಡೆಸುತ್ತಿತ್ತು. ಚಿಕಿತ್ಸೆ ಜನರ ಹತ್ತಿರಕ್ಕೆ ಹೋಗಬೇಕು ಎಂಬುದು ಅದರ ಹಿಂದಿನ ಯೋಚನೆ. ಒಳ್ಳೆಯ ಆಪ್ ಮಾಡಬೇಕಾದದ್ದೂ ಅದನ್ನೇ. ನಿಮ್ಮನ್ನು ಚಿಕಿತ್ಸೆಯ ಹತ್ತಿರಕ್ಕೆ ಒಯ್ಯುತ್ತಿದ್ದರೆ ಇಟ್ಟುಕೊಳ್ಳಿ. ‘ಇನ್ನೊಂದು ವಾರ ನೋಡೋಣ’ ಎಂದು ದೂರವೇ ಇರಿಸುತ್ತಿದ್ದರೆ ಸ್ಟಾರ್ ಎಷ್ಟೇ ಇರಲಿ, ತೆಗೆದುಹಾಕಿ.