ಕಳೆದ ಒಂಟೆಯ ಕಥೆಯೂ ಬಾಲಕರ ರಚನಾಭ್ಯಾಸವೂ

ಪತ್ತೇದಾರಿ ಕಥೆಯೆಂದೊಡನೆ ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದುಂಟು. ಅದು ಹೊತ್ತುಗಳೆಯುವವರ ಓದು, ಪಾಠಶಾಲೆಗೆ ತಕ್ಕುದಲ್ಲವೆಂದು ಅವರ ಅಭಿಪ್ರಾಯ. ಈ ಕಥಾಪ್ರಕಾರದ ಪೂರ್ವಚರಿತ್ರೆಯನ್ನು ಸ್ವಲ್ಪ ವಿಚಾರಿಸಿದರೆ ಆ ಅಭಿಪ್ರಾಯವು ಸಡಿಲವಾಗದೆ ಇರದು.

ದೆಹಲಿಯ ಕವಿ ಅಮೀರ್ ಖುಸ್ರೋ ಕ್ರಿ. ಶ. ೧೩೦೨ರ ಸುಮಾರಿನಲ್ಲಿ ಪಾರಸಿಯಲ್ಲಿ ರಚಿಸಿದ ‘ಹಶ್ತ್ ಬಿಹಿಶ್ತ್’ ಕಾವ್ಯದಲ್ಲಿ ಸಿಂಹಳದ ಮೂವರು ರಾಜಕುಮಾರರ ಕಥೆಯಿದೆ. ಅದು ೧೫೫೭ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಇಟಾಲಿಯನ್ ಗ್ರಂಥವೊಂದರ ಮೂಲಕ ಯೂರೋಪಿನಲ್ಲಿ ಹರಡಿತು. ಒಂಟೆಯನ್ನು ಕಳೆದುಕೊಂಡವನೊಬ್ಬನು ದಾರಿಯಲ್ಲಿ ಇದಿರಾಗಲು, ತಾವು ಕಣ್ಣಾರೆ ಕಾಣದ ಆ ಒಂಟೆಯು ಒಕ್ಕಣ್ಣಿನದು, ಹಲ್ಲು ಬಿದ್ದುದು, ಕುಂಟು ಎಂದು ಈ ಕುಮಾರರು ಹೇಳಿಬಿಟ್ಟರು. ಹಾದಿಯ ಒಂದೇ ಮಗ್ಗುಲಿನ ಹುಲ್ಲು ಮೇಯ್ದುಹೋಗಿತ್ತು; ಇನ್ನೊಂದು ಮಗ್ಗುಲಿನ ಹುಲುಸಾದ ಹುಲ್ಲು ಹಾಗೆಯೇ ಉಳಿದಿತ್ತು. ಅಗಿದ ಹುಲ್ಲು ಹಲ್ಲಿನ ಗಾತ್ರದ ತುಣುಕುಗಳಾಗಿ ಉದುರಿದ್ದಿತು. ಒಂದು ಕಾಲನ್ನು ಎಳೆದ ಗುರುತು ನೆಲದ ಮೇಲಿತ್ತು. ಇಷ್ಟನ್ನು ಬಲ್ಲವರೇ ಕಳ್ಳರೆಂದು ದೊರೆಯು ಅವರನ್ನು ಸೆರೆಯಲ್ಲಿಟ್ಟನು. ಒಂಟೆಯು ಬೇರೆಡೆ ಸಿಕ್ಕಿದ ಮೇಲೆಯೇ ಅವರಿಗೆ ಬಿಡುಗಡೆಯಾಯಿತು.

ಫ್ರಾನ್ಸಿನ ವೋಲ್ಟೇರನು ೧೭೪೮ರ ‘ಜಾಡಿಗ್’ ಎಂಬ ಕಥೆಯಲ್ಲಿ ಒಂಟೆಗೆ ಬದಲಾಗಿ ರಾಣಿಯ ನಾಯಿಯನ್ನೂ ರಾಜನ ಕುದುರೆಯನ್ನೂ ತಂದನು. ಅಲ್ಲಿಯೂ ಗುರುತುಗಳನ್ನು ಓದಿದ ಜಾಣನಿಗೇ ದಂಡ. ಕಣ್ಣಮುಂದಿನ ಗುರುತಿನಿಂದ ಕಳೆದುಹೋದುದನ್ನು ತಿಳಿಯುವ ಈ ಕ್ರಮವೇ ಭೂಗರ್ಭಶಾಸ್ತ್ರಾದಿಗಳ ಮಾರ್ಗವೆಂದು ೧೮೮೦ರಲ್ಲಿ ವಿಜ್ಞಾನಿ ಹಕ್ಸ್‌ಲಿಯು ಲಂಡನ್ನಿನಲ್ಲಿ ಉಪನ್ಯಾಸವಿತ್ತನು. ಅಮೆರಿಕೆಯಲ್ಲಿ ಎಡ್ಗರ್ ಅಲನ್ ಪೋ ೧೮೪೧ರಲ್ಲಿಯೇ ಆಧುನಿಕ ಪತ್ತೇದಾರಿ ಕಥೆಗೆ ರೂಪವನ್ನು ಕೊಟ್ಟಿದ್ದನು. ೧೮೮೭ರಲ್ಲಿ ಷರ್ಲಾಕ್ ಹೋಮ್ಸನನ್ನು ಲೋಕಕ್ಕೆ ಪರಿಚಯಿಸಿದ ಕಾನನ್ ಡಾಯ್ಲನಾದರೋ, ಎಡಿನ್‌ಬರೋ ವೈದ್ಯಶಾಲೆಯ ತನ್ನ ಗುರು ಜೋಸೆಫ್ ಬೆಲ್ಲನಿಗೆ ೧೮೯೨ರ ಕಥಾಸಂಗ್ರಹವನ್ನು ಅರ್ಪಿಸಿದನು. ರೋಗಿಯನ್ನು ನೋಡಿದ ಮಾತ್ರಕ್ಕೆ ಅವನ ವೃತ್ತಿಯನ್ನು ಊಹಿಸುತ್ತಿದ್ದ ಬೆಲ್ಲನ ಪಾಠವೇ ಹೋಮ್ಸನಿಗೆ ಮೂಲವಾಯಿತು.

ಇದನ್ನು ಎಳೆಯರ ತರಗತಿಗೆ ತರುವುದು ಕಷ್ಟವಲ್ಲ. ಉಪಾಧ್ಯಾಯರು ಒಂಟೆಯ ಗುರುತುಗಳನ್ನಷ್ಟೇ ಹೇಳಿ, ಹಾಳೆಯಲ್ಲಿ ಎರಡು ಸಾಲುಗಳನ್ನು ಮಾಡಿಸಲಿ: ಒಂದರಲ್ಲಿ ಕಂಡದ್ದು, ಇನ್ನೊಂದರಲ್ಲಿ ಊಹಿಸಿದ್ದು. ಬಳಿಕ ಮಕ್ಕಳೇ ಕಥೆ ಕಟ್ಟಲಿ. ಒಗಟು ಹಾಕುವ ಅಜ್ಜಿಗೆ ಉತ್ತರವು ಮೊದಲೇ ಗೊತ್ತಿರುವಂತೆ, ಇಲ್ಲಿಯೂ ಕೊನೆಯನ್ನು ಮೊದಲು ನಿಶ್ಚಯಿಸಿ, ಅದಕ್ಕೆ ಒಯ್ಯುವ ಮೂರು ಗುರುತುಗಳನ್ನು ಕಥೆಯಲ್ಲಿ ಹುದುಗಿಸಬೇಕು. ಒಬ್ಬನು ಬರೆದುದನ್ನು ಇನ್ನೊಬ್ಬನು ಬಿಡಿಸಬೇಕು. ಬಿಡಿಸಲಾಗದಿದ್ದರೆ ಬರೆದವನು ತಿದ್ದಬೇಕು.

ಇದರಿಂದ ಬರವಣಿಗೆ ಬಿಗಿಯಾಗುವುದು ನಿಜ. ಅದಕ್ಕಿಂತ ಹೆಚ್ಚಿನ ಲಾಭವೊಂದುಂಟು. ತರಗತಿಯಲ್ಲಿ ಲೇಖನಿಯೊಂದು ಕಾಣೆಯಾದರೆ ಎಲ್ಲರ ಕಣ್ಣೂ ಹರಕು ಅಂಗಿಯ ಹುಡುಗನ ಮೇಲೆ ಬೀಳುವುದನ್ನು ನಾವು ಅರಿಯೆವೇ? ಆಗ ‘ನೀನು ಕಂಡದ್ದೇನು, ಊಹಿಸಿದ್ದೇನು?’ ಎಂದು ಕೇಳಬಲ್ಲ ಮಗುವೊಂದು ಅಲ್ಲಿದ್ದರೆ, ನಿರಪರಾಧಿಯೊಬ್ಬನು ಅವಮಾನದಿಂದ ಪಾರಾದಾನು. ಸಿಂಹಳದ ಕುಮಾರರನ್ನು ಸೆರೆಗೆ ನೂಕಿದ ದೊರೆಯು ಈ ಪಾಠವನ್ನು ಬಾಲ್ಯದಲ್ಲಿ ಕಲಿತಿರಲಿಲ್ಲ.